ತುಳಸಿಗೆ ಗಂಡ ಸಿಕ್ಕನೋ, ಇನ್ನೊಂದು ಮನೆ ಚಾಕರಿ ಸಿಕ್ಕಿತೋ

ಜೀ ಕನ್ನಡದ ‘ಶ್ರೀರಸ್ತು ಶುಭಮಸ್ತು’ ಧಾರಾವಾಹಿಯಲ್ಲಿ ತುಳಸಿ ಬಸುರಿಯಾದಾಗ ಜನ ಆಡಿಕೊಂಡಿದ್ದನ್ನು ನೀವೂ ನೋಡಿರುತ್ತೀರಿ. ಮಗ ದೊಡ್ಡವನಾಗಿದ್ದಾನೆ, ಮನೆಗೆ ಸೊಸೆ ಬಂದಿದ್ದಾಳೆ, ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ ಅಂತ. ನಮ್ಮ ನೆಂಟರ ವಾಟ್ಸಾಪ್ ಗುಂಪಿನಲ್ಲಂತೂ ಎಷ್ಟೋ ದಿನ ಅದೇ ಮಾತು, ಅದೇ ನಗು. ನನ್ನ ತಕರಾರು ಅದಲ್ಲ. ಆ ವಯಸ್ಸಿನ ಹೆಂಗಸಿಗೆ ಗಂಡ ಸಿಕ್ಕಿದ್ದೂ ಸರಿ, ಮಗು ಆಗಿದ್ದೂ ಬೇಕಾದರೆ ಸರಿ. ಆದರೆ ಮದುವೆಯಾದ ಮೇಲೆ ಅವಳು ಗಂಡನ ಜೊತೆ ಸುಮ್ನೆ ಕೂತು ಒಂದು ಕಪ್ಪು ಕಾಫಿ ಕುಡಿಯೋಕೆ ಕತೆ ಬಿಡುವು ಕೊಟ್ಟಿತಾ? ಇದು ನನ್ನ ಪ್ರಶ್ನೆ.

ನೋಡದೇ ಇರುವವರಿಗೆ ಕತೆ ಚಿಕ್ಕದಾಗಿ ಹೇಳುತ್ತೇನೆ. 2022ರ ಅಕ್ಟೋಬರ್ ಕೊನೆಯಲ್ಲಿ ಶುರುವಾದ ಧಾರಾವಾಹಿ ಇದು. ತುಳಸಿಯಾಗಿ ಸುಧಾರಾಣಿ, 1986ರ ‘ಆನಂದ್’ ಸಿನಿಮಾದಿಂದ ನಮ್ಮ ವಯಸ್ಸಿನವರಿಗೆಲ್ಲ ಗೊತ್ತಿರುವ ಮುಖ. ಮಾಧವನಾಗಿ ಅಜಿತ್ ಹಂದೆ. ತುಳಸಿ ಗಂಡನನ್ನು ಕಳೆದುಕೊಂಡವಳು, ಮಗ ಸಮರ್ಥ್ ಮತ್ತು ಮಾವ ದತ್ತ ಇವರನ್ನು ನೋಡಿಕೊಳ್ಳುವುದರಲ್ಲೇ ವಯಸ್ಸು ಕಳೆದವಳು. ಮಾಧವ ಹೆಂಡತಿಯನ್ನು ಕಳೆದುಕೊಂಡ ಶ್ರೀಮಂತ. ಸೊಸೆ ಸಿರಿ ಮುಂದೆ ನಿಂತು ಅತ್ತೆಗೆ ಎರಡನೇ ಮದುವೆ ಮಾಡಿಸುತ್ತಾಳೆ. ಸೊಸೆ ಅತ್ತೆಗೆ ಗಂಡು ನೋಡುವುದು ಅಂದರೆ ನಮ್ಮ ಸೀರಿಯಲ್ ಲೋಕದಲ್ಲಿ ಚಿಕ್ಕ ಮಾತಲ್ಲ. ಅಲ್ಲಿ ಸೊಸೆಯಂದಿರು ಸಾಮಾನ್ಯವಾಗಿ ಅತ್ತೆಯ ಹಾಲಿಗೆ ಏನಾದರೂ ಬೆರೆಸುತ್ತಿರುತ್ತಾರೆ.

ಇದರ ಮೂಲ ಮರಾಠಿಯದ್ದು. ‘ಅಗ್ಗಬಾಯಿ ಸಾಸೂಬಾಯಿ’ ಅಂತ, ಜೀ ಮರಾಠಿಯಲ್ಲಿ 2019ರ ಜುಲೈಯಿಂದ 2021ರ ಮಾರ್ಚ್‌ವರೆಗೆ ರಾತ್ರಿ ಎಂಟೂವರೆಗೆ ಬರುತ್ತಿತ್ತು. ತಮಿಳು, ಮಲಯಾಳಂಗೂ ಇದೇ ಕತೆ ಹೋಯಿತು.

ನಾನಿರುವುದು ಪುಣೆಯಲ್ಲಿ, ಕರ್ವೆನಗರದ ಹತ್ತಿರ. ಊರು ಹಾವೇರಿ ಕಡೆ. ಮರಾಠಿಯದ್ದನ್ನು ನೋಡಿದ್ದು ಎದುರುಮನೆ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) ಅವರ ಕಾಟಕ್ಕೆ, ಕನ್ನಡದ್ದನ್ನು ನೋಡಿದ್ದು ಅವ್ವನ ಕಾಟಕ್ಕೆ. ಗಂಡಸಾಗಿ ಇಷ್ಟೊಂದು ಸೀರಿಯಲ್ ನೋಡುತ್ತೀಯಾ ಅಂತ ಕೇಳುವವರಿಗೆ ಇಷ್ಟೇ ಹೇಳೋದು: ಊರು ಬಿಟ್ಟ ಮೇಲೆ ಸಂಜೆ ಮನೆಯಲ್ಲಿ ಕನ್ನಡ ಕೇಳಬೇಕು ಅಂದರೆ ಸಿಗುವುದು ಅದೇ. ಒಂದೇ ಕತೆಯನ್ನು ಎರಡು ಭಾಷೆಯವರು ಹೇಗೆ ಹೇಳುತ್ತಾರೆ, ಯಾವುದನ್ನು ಬಿಡುತ್ತಾರೆ, ಯಾವುದನ್ನು ಸೇರಿಸುತ್ತಾರೆ ಅಂತ ನೋಡುವುದು ನನಗಂತೂ ಕತೆಗಿಂತ ಜಾಸ್ತಿ ಮಜಾ.

ಮರಾಠಿಯಲ್ಲಿ ನಾಯಕಿಯ ಹೆಸರು ಆಸಾವರಿ ಕುಲಕರ್ಣಿ. ಮಾಡಿದವರು ನಿವೇದಿತಾ ಸರಾಫ್, ಇವರೂ 80ರ ದಶಕದ ಸಿನಿಮಾ ನಾಯಕಿ. ಅಂದರೆ ನಾವು ಸುಧಾರಾಣಿಯವರನ್ನು ಹಾಕಿಕೊಂಡ ಲೆಕ್ಕವೇ ಅಲ್ಲೂ. ಜನಕ್ಕೆ ಹಳೇ ನಾಯಕಿಯ ಮೇಲೆ ಇರೋ ಪ್ರೀತಿಯನ್ನೇ ಬಂಡವಾಳ ಮಾಡಿಕೊಳ್ಳುವುದು. ಇವಳಿಗೆ ಬರೋ ಗಂಡಸು ಅಭಿಜಿತ್ ರಾಜೆ, ಪಾತ್ರ ಮಾಡಿದವರು ಗಿರೀಶ್ ಓಕ್. ಇಲ್ಲೇ ಮರಾಠಿಯವರ ಜಾಣತನ ಇರೋದು. ಅವನೊಬ್ಬ ಶೆಫ್. ಮೂರು ಹೊತ್ತು ಬೇರೆಯವರಿಗೆ ಬೇಯಿಸಿ ಹಾಕಿ, ಕೊನೆಗೆ ತಾನು ತಣ್ಣಗಿರೋದನ್ನು ಉಣ್ಣೋ ಹೆಂಗಸಿನ ಬದುಕಿಗೆ, ಅಡುಗೆ ಮಾಡಿ ಬಡಿಸೋದನ್ನೇ ಕಸುಬು ಮಾಡಿಕೊಂಡ ಗಂಡಸು ಬರುತ್ತಾನೆ. ಐವತ್ತು ದಾಟಿದ ಹೆಂಗಸು ಯಾಕೆ ಮತ್ತೆ ಮದುವೆಯಾಗಬೇಕು ಅನ್ನೋ ಪ್ರಶ್ನೆಗೆ ಇದಕ್ಕಿಂತ ಒಳ್ಳೇ ಉತ್ತರ ಯಾವ ಡೈಲಾಗಿನಲ್ಲೂ ಬರೆಯೋಕಾಗಲ್ಲ. ಕಾಕು ಅವರೇ ಟಿವಿ ನೋಡುತ್ತಾ ನೋಡುತ್ತಾ ಪಕ್ಕದಲ್ಲಿದ್ದ ಗಂಡನ ಕಡೆ ಒಂದು ಸಲ ತಿರುಗಿ ನೋಡಿದರು. ಅವರು ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿದರು.

ಆಸಾವರಿಯ ಮಗ ಸೋಹಮ್. ಅವಳು ಮುದ್ದಿಗೆ ಅವನನ್ನು ಬಬಡ್ಯಾ ಅಂತ ಕರೆಯುತ್ತಾಳೆ. ಹುಡುಗ ಸೋಮಾರಿ, ಸ್ವಾರ್ಥಿ, ಮೀಸೆ ಬಂದ ಕೂಸು. ಆ ಕಾಲದಲ್ಲಿ ಮಹಾರಾಷ್ಟ್ರದಲ್ಲಿ ಬಬಡ್ಯಾ ಮೀಮುಗಳು ಎಷ್ಟು ಬಂದವು ಅಂದರೆ ಸೀರಿಯಲ್ ನೋಡದವರಿಗೂ ಅವನು ಗೊತ್ತಿದ್ದ. ನಮ್ಮ ಆಫೀಸಿನಲ್ಲಿ ತನ್ನ ಚಹಾ ಕಪ್ಪು ತಾನು ತೊಳೆಯದವನಿಗೆ ಅದೇ ಹೆಸರು ಬಿದ್ದಿತ್ತು. ಜನ ಬೈದಿದ್ದು ಮಗನನ್ನಷ್ಟೇ ಅಲ್ಲ, ಅವನನ್ನು ಹಾಗೆ ಬೆಳೆಸಿದ ತಾಯಿಯನ್ನೂ ಬೈದರು. ಅದು ನನಗೆ ಹಿಡಿಸಿತು. ತ್ಯಾಗಮಯಿ ತಾಯಿ ಅನ್ನೋದನ್ನು ದೇವರ ಪಟದ ಥರ ಗೋಡೆಗೆ ಹಾಕದೆ, ಅಮ್ಮ, ನಿನ್ನ ತ್ಯಾಗದಿಂದಲೇ ಇಂಥವನೊಬ್ಬ ತಯಾರಾದ ನೋಡು ಅಂತ ಹೇಳೋ ಧೈರ್ಯ ಆ ಕತೆಗಿತ್ತು, ಕೊನೇಪಕ್ಷ ಮೊದಲ ಕೆಲವು ತಿಂಗಳು.

ಮನೆಯಲ್ಲಿ ಮಾವ. ಸಿಟ್ಟಿನ ಮುದುಕ, ಅವನ ದನಿ ಕೇಳಿದರೆ ಸೊಸೆ ನಡುಗಬೇಕು. ರವಿ ಪಟವರ್ಧನ್ ಅಂತ ಹಿರಿಯ ನಟ ಆ ಪಾತ್ರ ಮಾಡುತ್ತಿದ್ದರು, 2020ರ ಡಿಸೆಂಬರಿನಲ್ಲಿ ತೀರಿಕೊಂಡರು. ಆ ಜಾಗಕ್ಕೆ ಮೋಹನ್ ಜೋಶಿ ಬಂದರು. ಕಾಕು ಅವರಿಗೆ ಅದು ಸಹಿಸಲೇ ಇಲ್ಲ, ಮಾವ ಬದಲಾದ ಮೇಲೆ ನೋಡೋದನ್ನೇ ಕಡಿಮೆ ಮಾಡಿದರು.

ಈಗ ನಮ್ಮದಕ್ಕೆ ಬನ್ನಿ. ಕನ್ನಡಕ್ಕೆ ತರುವಾಗ ತುಳಸಿಯ ಕಡೆ ಹೆಚ್ಚು ಬದಲಾಯಿಸಲಿಲ್ಲ. ಬದಲಾಯಿಸಿದ್ದು ಮಾಧವನ ಕಡೆ. ಅವನಿಗೊಂದು ದೊಡ್ಡ ಮನೆ ಕೊಟ್ಟರು. ಇಬ್ಬರು ಗಂಡುಮಕ್ಕಳು, ಅವಿನಾಶ್ ಮತ್ತು ಅಭಿ. ತಮ್ಮ ತಾಯಿಯ ಸಾವಿಗೆ ಅಪ್ಪನೇ ಕಾರಣ ಅಂತ ಅವನನ್ನು ದ್ವೇಷಿಸೋ ಮಕ್ಕಳು. ಜೊತೆಗೆ ಶಾರ್ವರಿ, ಮನೆಯೊಳಗೇ ಇದ್ದು ಮನೆ ಒಡೆಯುವವಳು. ಇಷ್ಟಾದ ಮೇಲೆ ತುಳಸಿ ಆ ಮನೆಗೆ ಕಾಲಿಟ್ಟರೆ ಅವಳಿಗೆ ಉಳಿಯೋ ಕೆಲಸ ಯಾವುದು? ಅಪ್ಪ ಮಕ್ಕಳನ್ನು ಒಂದು ಮಾಡೋದು. ಅವಿಯ ಬಾಯಲ್ಲಿ ಅಮ್ಮ ಅನ್ನಿಸಿಕೊಳ್ಳೋದು. ಶಾರ್ವರಿಯ ಪಿತೂರಿ ಬಯಲು ಮಾಡೋದು. ಹಿರಿ ಸೊಸೆ ಪೂರ್ಣಿಯನ್ನು ಕಾಪಾಡೋದು. ಇದರ ಮಧ್ಯೆ ಹಳೇ ಮನೆಯಲ್ಲಿ ಸಮರ್ಥನಿಗೇನೋ ಆಯಿತು, ದತ್ತ ಮಾವನಿಗೇನೋ ಆಯಿತು ಅಂದರೆ ಅಲ್ಲಿಗೂ ಓಡಬೇಕು.

ಒಂದು ರಾತ್ರಿ ಇಂಥದೇ ಓಡಾಟದ ಎಪಿಸೋಡು ಮುಗಿದು ಜಾಹೀರಾತು ಬಂತು. ಅವ್ವ ಅವರೆಕಾಯಿ ಸುಲಿಯುತ್ತಾ ಕೂತಿದ್ದವಳು ತಲೆ ಎತ್ತಲಿಲ್ಲ. ‘ಆಕಿಗೆ ಗಂಡ ಎಲ್ಲಿ ಸಿಕ್ಕಾನ ಬಿಡೋ, ಇನ್ನೊಂದ್ ಮನಿ ಚಾಕ್ರಿ ಸಿಕ್ಕೈತಿ’ ಅಂದಳು. ‘ಹಂಗಂತೀಯಲ್ಲವ್ವಾ, ಮಾಧವ ಚಲೋ ಅದಾನಲ್ಲ’ ಅಂದೆ. ‘ಚಲೋ ಅದಾನ. ಆದ್ರ ಆಂವಾ ಮನ್ಯಾಗ ಇರೋದ್ ಎಷ್ಟೊತ್ತು?’

ಇದಕ್ಕಿಂತ ಒಳ್ಳೇ ವಿಮರ್ಶೆ ನಾನು ಎಲ್ಲೂ ಓದಿಲ್ಲ.

ನಮ್ಮ ಕನ್ನಡ ಸೀರಿಯಲ್ಲುಗಳಿಗೆ ಪ್ರೀತಿ ತೋರಿಸೋಕೆ ಬರಲ್ಲ ಅಂತಲ್ಲ. ಪ್ರೀತಿಗೆ ಒಂದು ಉಪಯೋಗ ತೋರಿಸದಿದ್ದರೆ ನಮಗೆ ಸಮಾಧಾನ ಆಗಲ್ಲ, ಅದು ತೊಂದರೆ. ಎರಡನೇ ಮದುವೆಯಾದ ಹೆಂಗಸು ತಾನು ಅದಕ್ಕೆ ಯೋಗ್ಯಳು ಅಂತ ದಿನಾ ರುಜುವಾತು ಮಾಡುತ್ತಿರಬೇಕು. ತನಗೋಸ್ಕರ ಮದುವೆಯಾದಳು ಅಂದರೆ ನೋಡುವವರಿಗೆ ಮುಜುಗರ, ಒಡೆದ ಮನೆ ಕೂಡಿಸೋಕೆ ಬಂದಳು ಅಂದರೆ ಸೆರಗು ಹೊದ್ದು ಕೈ ಮುಗಿಯುತ್ತಾರೆ. ಮೊದಲನೇ ಮದುವೆಯ ಹುಡುಗಿಗೆ ಈ ಶರತ್ತು ಇಷ್ಟು ಬಿಗಿಯಾಗಿ ಇಲ್ಲ ಅನ್ನೋದನ್ನು ಗಮನಿಸಿ.

ಗಂಡಸಿಗಂತೂ ಶರತ್ತೇ ಇಲ್ಲ. ‘ಅಗ್ಗಬಾಯಿ ಸಾಸೂಬಾಯಿ’ ಶುರುವಾಗೋ ಮುಂಚೆ ಅದೇ ಜೀ ಮರಾಠಿಯಲ್ಲಿ ಬರುತ್ತಿದ್ದದ್ದು ‘ತುಲಾ ಪಾಹತೇ ರೇ’. ಅದೇ ನಮ್ಮಲ್ಲಿ 2019ರ ಸೆಪ್ಟೆಂಬರಿನಲ್ಲಿ ‘ಜೊತೆ ಜೊತೆಯಲಿ’ ಆಗಿ ಬಂದು ಊರೆಲ್ಲ ಹುಚ್ಚು ಹಿಡಿಸಿತು. ನಲವತ್ತು ದಾಟಿದ ದೊಡ್ಡ ಉದ್ಯಮಿ, ಇಪ್ಪತ್ತರ ಆಸುಪಾಸಿನ ಮಧ್ಯಮ ವರ್ಗದ ಹುಡುಗಿ ಅನು. ಆರ್ಯವರ್ಧನ್ ಆಗಿ ಅನಿರುದ್ಧ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಕಾರಿನಿಂದ ಇಳಿದರೆ ಸಾಕು, ನಮ್ಮ ಅತ್ತಿಗೆಯಂದಿರೆಲ್ಲ ಅಡುಗೆಮನೆ ಬಿಟ್ಟು ಓಡಿ ಬರುತ್ತಿದ್ದರು. ಅವನ ವಯಸ್ಸು ಅಲ್ಲಿ ಕೊರತೆಯೇ ಅಲ್ಲ, ಅದೇ ಅವನ ಗತ್ತು. ಅನು ಅವನಿಗಿಂತ ಅಷ್ಟು ಚಿಕ್ಕವಳು ಅನ್ನೋ ಪ್ರಶ್ನೆಯನ್ನು ಎರಡೂ ಭಾಷೆಯವರು ಒಂದೇ ಉಪಾಯದಲ್ಲಿ ಮುಗಿಸಿದರು: ಅವಳು ಅವನ ಹಿಂದಿನ ಹೆಂಡತಿ ರಾಜನಂದಿನಿಯ ಪುನರ್ಜನ್ಮ ಅಂದುಬಿಟ್ಟರು. ಗಂಡಸಿನ ಎರಡನೇ ಅವಕಾಶಕ್ಕೆ ದೇವರೇ ಬಂದು ಹೊಸ ಮೈ ಕೊಟ್ಟು ಕಳಿಸುತ್ತಾನೆ. ಹೆಂಗಸಿನ ಎರಡನೇ ಅವಕಾಶಕ್ಕೆ ಮಗ, ಮಾವ, ಓಣಿಯವರು, ಗಂಡನ ಮಕ್ಕಳು, ಇಷ್ಟೂ ಜನರ ಸಹಿ ಬೇಕು.

ಹಾಗಂತ ಮರಾಠಿಯವರು ಏನೋ ಕಡಿದು ಹಾಕಿದ್ದಾರೆ ಅಂತ ನಾನು ಹೇಳಲ್ಲ. ಮದುವೆಯಾದ ಮೇಲೆ ಅವರ ಕತೆಯೂ ಹಳಿ ತಪ್ಪಿತು. ಬಬಡ್ಯಾನ ಹೊರಗಿನ ಸಂಬಂಧ, ಅದರ ರಾದ್ಧಾಂತ. ಅದು ಮುಗಿದ ಮೇಲೆ 2021ರಲ್ಲಿ ‘ಅಗ್ಗಬಾಯಿ ಸೂನಬಾಯಿ’ ಅಂತ ಮುಂದುವರಿಕೆ ತಂದರಲ್ಲ, ಅದು ಇನ್ನೂ ಕೆಟ್ಟದ್ದು. ಅತ್ತೆಗೆ ಮದುವೆ ಮಾಡಿಸೋವಷ್ಟು ಗಟ್ಟಿ ಹುಡುಗಿಯಾಗಿದ್ದ ಸೊಸೆ ಶುಭ್ರಾಳನ್ನು ಅದರಲ್ಲಿ ಬಾಯಿಲ್ಲದ ಗೃಹಿಣಿ ಮಾಡಿದರು, ನಟಿಯೂ ಬದಲು. ಒಬ್ಬಳು ಎದ್ದು ನಿಂತರೆ ಇನ್ನೊಬ್ಬಳು ಕೂತುಬಿಡಬೇಕು ಅನ್ನೋದು ಯಾವ ಲೆಕ್ಕವೋ. ವಾರಕ್ಕೆ ಐದಾರು ದಿನ, ವರ್ಷಗಟ್ಟಲೆ ಕತೆ ಎಳೆಯಬೇಕು ಅಂದರೆ ಸುಖವಾಗಿರೋ ಗಂಡ ಹೆಂಡತಿಯನ್ನು ಇಟ್ಟುಕೊಂಡು ಏನು ಮಾಡುತ್ತಾರೆ ಪಾಪ ಅಂತಲೂ ಅನಿಸುತ್ತದೆ. ಸುಖಕ್ಕೆ ಪ್ರೋಮೋ ಮಾಡೋಕಾಗಲ್ಲ.

ಆದರೂ ಶುರುವಿನ ಆ ವ್ಯತ್ಯಾಸ ಇದೆಯಲ್ಲ, ಅವರಿಗೆ ಜೊತೆಗಾರ, ನಮಗೆ ಜವಾಬ್ದಾರಿ, ಅದು ಎಲ್ಲಿಂದ ಬಂತು ಅಂತ ಯೋಚನೆ ಮಾಡಿದರೆ ನಾನಿರೋ ಬಡಾವಣೆಯ ಹೆಸರೇ ಒಂದಿಷ್ಟು ಉತ್ತರ ಹೇಳುತ್ತದೆ. ಸಮಾಜ ಸುಧಾರಕ ಧೋಂಡೋ ಕೇಶವ ಕರ್ವೆ ಮೊದಲ ಹೆಂಡತಿ ತೀರಿಕೊಂಡ ಮೇಲೆ 1893ರಲ್ಲಿ ಗೋದುಬಾಯಿ ಅನ್ನೋ ವಿಧವೆಯನ್ನು ಮದುವೆಯಾದರು. ಅವರ ಸ್ವಂತ ಊರು ಮುರುಡದಲ್ಲಿ ಬಹಿಷ್ಕಾರ ಹಾಕಿದರು. 1896ರಲ್ಲಿ ವಿಧವೆಯರಿಗಾಗಿ ಆಶ್ರಮ ಶುರುಮಾಡಿ, ಆಮೇಲೆ ಅದನ್ನು ಊರಾಚೆಯ ಹಿಂಗಣೆಗೆ ತಂದರು. ಆ ಹಿಂಗಣೆಯ ಸುತ್ತಲ ಜಾಗವೇ ಈಗಿನ ಕರ್ವೆನಗರ. ಇನ್ನು ಆ ಗೋದುಬಾಯಿ ಓದಿದ್ದು ಪಂಡಿತಾ ರಮಾಬಾಯಿ 1889ರಲ್ಲಿ ತೆರೆದ ಶಾರದಾ ಸದನ ಅನ್ನೋ ಶಾಲೆಯಲ್ಲಿ, ಅಲ್ಲಿಯ ಮೊದಲ ವಿಧವೆ ವಿದ್ಯಾರ್ಥಿನಿ ಅವರೇ. ರಮಾಬಾಯಿ ಹುಟ್ಟಿದ್ದು ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ಇಲ್ಲಿಯವರ ಮುಂದೆ ಇದನ್ನು ಹೇಳಿಕೊಳ್ಳೋಕೆ ನನಗೆ ಒಂಚೂರು ಜಂಬ ಇದೆ, ಮುಚ್ಚಿಡೋದೇನು.

ನೂರು ವರ್ಷದ ಹಿಂದಿನ ಮಾತು ಬಿಡಿ. ಇವತ್ತಿಗೂ ಪುಣೆಯಲ್ಲಿ ಜ್ಯೇಷ್ಠ ನಾಗರಿಕ ಸಂಘಗಳು ಅಂತ ಬಡಾವಣೆಗೊಂದು ಇರುತ್ತವೆ. ಬೆಳಿಗ್ಗೆ ವಾಕಿಂಗ್, ಆಮೇಲೆ ಚಹಾ, ತಿಂಗಳಿಗೊಂದು ಭಾಷಣ. ನಮ್ಮ ಸೊಸೈಟಿಯಲ್ಲೇ ಅಂಥ ಕಡೆ ಪರಿಚಯವಾಗಿ ಮದುವೆಯಾದ ಒಂದು ಜೋಡಿ ಇದೆ. ಗಂಡ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಮೊದಲ ಹೆಂಡತಿ ಇಲ್ಲ. ಹೆಂಡತಿ ಸಾತಾರಾ ಕಡೆಯವರು, ಶಾಲೆ ಟೀಚರ್ ಆಗಿದ್ದವರು, ಮೊದಲ ಗಂಡ ಇಲ್ಲ. ಮದುವೆಗೆ ಮುಂಚೆ ಎರಡೂ ಕಡೆಯ ಮಕ್ಕಳು ವಕೀಲರ ಜೊತೆ ಕೂತರು. ಇವರ ಫ್ಲ್ಯಾಟ್ ಇವರ ಮಕ್ಕಳಿಗೆ, ಅವರ ಫ್ಲ್ಯಾಟ್ ಅವರ ಮಕ್ಕಳಿಗೆ ಅಂತ ಕಾಗದ ಆಯಿತು. ಆಕೆ ಕಾಕು ಅವರ ಮನೆಗೆ ಬಂದು ಗೋಡೆ ಮೇಲಿನ ಕಾಲನಿರ್ಣಯ ಕ್ಯಾಲೆಂಡರಿನ ಹಳೇ ಹಾಳೆ ಹರಿದುಕೊಂಡು, ಅದರ ಹಿಂದೆ ಲೆಕ್ಕ ಹಾಕಿದರು. ಮೊದಲ ಗಂಡ ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದವರು. ಮಕ್ಕಳಿರೋ ವಿಧವೆ ಮತ್ತೆ ಮದುವೆಯಾದರೆ ಆ ಕುಟುಂಬ ಪಿಂಚಣಿ ಕೈತಪ್ಪುತ್ತದೆ. ತನ್ನ ಸ್ವಂತ ಪಿಂಚಣಿ ಉಳಿಯುತ್ತದೆ. ಇದರಲ್ಲಿ ಔಷಧಿಗೆಷ್ಟು, ಮೊಮ್ಮಗಳಿಗೆಷ್ಟು, ಅವರ ಹತ್ತಿರ ಕೈ ಚಾಚದೆ ನಡೆಯುತ್ತಾ ಅಂತ ಪೆನ್ಸಿಲಿನಲ್ಲಿ ಬರೆದು, ಎರಡು ಸಲ ಕೂಡಿಸಿ, ‘ಚಾಲೇಲ್’ ಅಂದರು. ನಡೆಯುತ್ತದೆ ಅಂತ. ನಾನು ನೋಡಿರೋ ಅತಿ ರೊಮ್ಯಾಂಟಿಕ್ ದೃಶ್ಯ ಅದು, ತಮಾಷೆಗಲ್ಲ.

ರಿಜಿಸ್ಟರ್ ಕಚೇರಿಯಲ್ಲಿ ಸಹಿ, ಮಧ್ಯಾಹ್ನ ಶ್ರೀಖಂಡ ಪೂರಿ ಊಟ. ಅದಾದ ಮೇಲೆ ಆಕೆ ರಾತ್ರಿ ಅಡುಗೆ ಮಾಡೋದನ್ನೇ ನಿಲ್ಲಿಸಿದರು. ಪುಣೆಯಲ್ಲಿ ಪೋಳಿ-ಭಾಜಿ ಕೇಂದ್ರ ಅಂತ ಗಲ್ಲಿಗೊಂದು ಇರುತ್ತದೆ, ಬಿಸಿ ಚಪಾತಿ ಪಲ್ಯ ಕಟ್ಟಿಕೊಡುತ್ತಾರೆ, ಅಲ್ಲಿಂದ ತರೋದು. ಸಂಜೆ ಕೋಥ್ರೂಡಿನ ನಾಟ್ಯಗೃಹದಲ್ಲಿ ಒಳ್ಳೇ ನಾಟಕ ಇದ್ದರೆ ಇಬ್ಬರೂ ಹೋಗುತ್ತಾರೆ. ಯಾರ ಮನೆಯನ್ನೂ ಕೂಡಿಸಿಲ್ಲ, ಯಾರ ಪಿತೂರಿಯನ್ನೂ ಬಯಲು ಮಾಡಿಲ್ಲ. ಗಂಡನ ಹಿರಿಮಗ ಇವತ್ತಿಗೂ ಆಕೆಯನ್ನು ಆಯಿ (ಅಮ್ಮ) ಅನ್ನಲ್ಲ, ಕಾಕು ಅಂತಾನೆ. ಆಕೆಗೆ ಅದರಿಂದ ಏನೂ ಬೇಜಾರಿಲ್ಲ.

ಇದನ್ನೇ ಇಡೀ ಮಹಾರಾಷ್ಟ್ರ ಅಂದುಕೊಂಡರೆ ತಪ್ಪು. ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನ ಹೇರವಾಡ ಅನ್ನೋ ಹಳ್ಳಿ 2022ರ ಮೇ ತಿಂಗಳಲ್ಲಿ ಸುದ್ದಿಯಾಯಿತು. ಗಂಡ ಸತ್ತಾಗ ಬಳೆ ಒಡೆಯೋದು, ಕುಂಕುಮ ಅಳಿಸೋದು, ತಾಳಿ ತೆಗೆಯೋದು, ಇದನ್ನೆಲ್ಲ ನಿಲ್ಲಿಸಬೇಕು ಅಂತ ಅಲ್ಲಿನ ಗ್ರಾಮಸಭೆ ಠರಾವು ಮಾಡಿತು. ಅದೇ ತಿಂಗಳು ರಾಜ್ಯ ಸರ್ಕಾರ ಎಲ್ಲ ಊರಿನವರೂ ಇದನ್ನು ಪಾಲಿಸಿ ಅಂತ ಸುತ್ತೋಲೆ ಕಳಿಸಿತು. ಒಳ್ಳೆಯದೇ. ಆದರೆ ಕರ್ವೆ ಮದುವೆಯಾಗಿ ಅಷ್ಟು ವರ್ಷವಾದ ಮೇಲೂ ಠರಾವು ಮಾಡಬೇಕಾಯಿತು ಅಂದರೆ ಪರಿಸ್ಥಿತಿ ಏನು ಅಂತ ಲೆಕ್ಕ ಹಾಕಿ. ಆ ಹೇರವಾಡ ನಮ್ಮ ನಿಪ್ಪಾಣಿ, ಚಿಕ್ಕೋಡಿಯಿಂದ ದೂರವೇನಿಲ್ಲ. ಗಡಿ ಈಚೆಯ ನಮ್ಮ ಹಳ್ಳಿಗಳಲ್ಲೂ ಬಳೆ ಒಡೆಯೋದು ಅದೇ ಥರ.

ಇನ್ನು ನಮ್ಮ ಕಡೆಯ ಮಾತು. ವಿಧವೆಯ ಮದುವೆ ಅನ್ನೋದು ಯಾರೋ ಸುಧಾರಕರು ತಂದ ಹೊಸ ವಿಚಾರ ಅಂತ ಎರಡೂ ಸೀರಿಯಲ್ಲುಗಳು ನಡೆದುಕೊಳ್ಳುತ್ತವಲ್ಲ, ಅವ್ವನಿಗೆ ಅದೇ ನಗು ಬರಿಸಿದ್ದು. ‘ನಮ್ಮೂರಾಗ ಉಡಕಿ ಆದವ್ರು ಎಷ್ಟ್ ಮಂದಿ ಇದ್ರು, ಯಾರ್ ಅವರ್ನ ಟಿವ್ಯಾಗ ಹಾಕಿದ್ರು?’ ಅಂದಳು. ನಿಜ. ಉತ್ತರ ಕರ್ನಾಟಕದ ಎಷ್ಟೋ ಸಮುದಾಯಗಳಲ್ಲಿ ಗಂಡ ಸತ್ತವಳಿಗೂ, ಗಂಡ ಬಿಟ್ಟವಳಿಗೂ ಉಡಕಿ ಇತ್ತು. ಮಹಾರಾಷ್ಟ್ರದಲ್ಲಿ ಅದನ್ನೇ ಪಾಟ ಅಂತಾರೆ. ಹೊಸ ಸೀರೆ ಉಡಿಸಿ, ಬಳೆ ಇಡಿಸಿ, ನಾಲ್ಕು ಹಿರಿಯರ ಎದುರು ಮುಗಿಯೋ ಮದುವೆ. 1856ರಲ್ಲಿ ಬ್ರಿಟಿಷರು ವಿಧವಾ ವಿವಾಹದ ಕಾನೂನು ತಂದರಲ್ಲ, ಹೊಲದಲ್ಲಿ ಕೆಲಸ ಮಾಡೋ ಇವರಿಗೆ ಅದರ ಅವಶ್ಯಕತೆಯೇ ಇರಲಿಲ್ಲ. ಉಲ್ಟಾ, ಮತ್ತೆ ಮದುವೆಯಾದವಳು ಮೊದಲ ಗಂಡನ ಆಸ್ತಿ ಬಿಡಬೇಕು ಅಂತ ಆ ಕಾನೂನಿನಲ್ಲೇ ಬರೆದಿತ್ತು. 1956ರ ಉತ್ತರಾಧಿಕಾರ ಕಾನೂನು ಬಂದು ವಿಧವೆಯ ಪಾಲು ಅವಳದ್ದೇ ಆಯಿತು, ಹಳೇ ಕಾನೂನನ್ನು 1983ರಲ್ಲಿ ರದ್ದು ಮಾಡಿದರು.

ಉಡಕಿಯೇನೂ ಸ್ವರ್ಗವಲ್ಲ. ಹೆಚ್ಚಾಗಿ ರಾತ್ರಿ ಹೊತ್ತು, ವಾದ್ಯ ಇಲ್ಲ, ಚಪ್ಪರ ಇಲ್ಲ. ಉಡಕಿಯಾದವಳು ಬೇರೆ ಮದುವೆಯಲ್ಲಿ ಆರತಿ ತಟ್ಟೆ ಹಿಡಿಯುವಂತಿಲ್ಲ. ಹಲವು ಕಡೆ ಮೊದಲ ಗಂಡನ ಮಕ್ಕಳು ಆ ಮನೆಯವರ ಪಾಲಿಗೇ. ಆದರೆ ಅವಳು ಒಬ್ಬಳೇ ಬದುಕು ಸವೆಸಬೇಕು ಅಂತ ಯಾರೂ ಹೇಳುತ್ತಿರಲಿಲ್ಲ. ತಮಾಷೆ ಏನಂದರೆ, ಇಂಥ ಮನೆಗಳಿಂದಲೇ ಓದಿ, ನೌಕರಿ ಹಿಡಿದು, ಬೆಂಗಳೂರು ಹುಬ್ಬಳ್ಳಿಯಲ್ಲಿ ಮನೆ ಕಟ್ಟಿಸಿದವರು ಈಗ ನಮ್ಮಲ್ಲಿ ಅದೆಲ್ಲ ಇಲ್ಲ ಅಂತಾರೆ. ಉಡಕಿ ಮಾಡಿಸುತ್ತಿದ್ದ ಅಜ್ಜನ ಮೊಮ್ಮಗ ಅತ್ತೆಯ ಮದುವೆ ಅಂದರೆ ಮೀಮು ಕಳಿಸುತ್ತಾನೆ. ಸೀರಿಯಲ್ಲು ತೋರಿಸೋದು ಈ ಮೊಮ್ಮಗನ ಮನೆಯನ್ನೇ, ಅವನಿಗೆ ನೋವಾಗದ ಹಾಗೆ.

ಬರಹದಲ್ಲೂ ನಮ್ಮವರು ಹಿಂದೆ ಬಿದ್ದವರಲ್ಲ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಬಂದಿದ್ದು 1899ರಲ್ಲಿ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅಂತ ಅದನ್ನು ಕರೆಯುತ್ತಾರೆ, ಅದರ ನಾಯಕಿ ವಿಧವೆ, ಕೊನೆಗೆ ಮದುವೆಯಾಗಿ ಚೆನ್ನಾಗಿರುತ್ತಾಳೆ. ಮರಾಠಿಯ ‘ಸಂಗೀತ ಶಾರದಾ’ ನಾಟಕ, ಮುದುಕನಿಗೆ ಹುಡುಗಿ ಕೊಡೋದನ್ನು ಬೈಯೋ ನಾಟಕ, ರಂಗಕ್ಕೆ ಬಂದಿದ್ದೂ ಅದೇ ವರ್ಷ. ಆದರೆ 1965ರ ‘ವಂಶವೃಕ್ಷ’ದ ಕಾತ್ಯಾಯನಿಗೆ ಬಂದರೆ, ಅವಳೂ ಮತ್ತೆ ಮದುವೆಯಾಗುತ್ತಾಳೆ, ಮಗನನ್ನು ಮಾವನ ಮನೆಯಲ್ಲಿ ಬಿಡಬೇಕಾಗುತ್ತದೆ, ಬಸಿರು ನಿಲ್ಲಲ್ಲ, ಕೊರಗಿ ಸಾಯುತ್ತಾಳೆ. ಇಂದಿರಾಬಾಯಿಯನ್ನು ಓದಿದವರು ಕಡಿಮೆ, ಕಾತ್ಯಾಯನಿಯನ್ನು ಓದದ ಕನ್ನಡ ಮನೆ ಕಡಿಮೆ. ಮತ್ತೆ ಮದುವೆಯಾದವಳು ಅದಕ್ಕೆ ಏನಾದರೂ ಬೆಲೆ ಕೊಡಲೇಬೇಕು ಅನ್ನೋದು ನಮ್ಮ ತಲೆಯಲ್ಲಿ ಅಲ್ಲಿಂದಲೂ ಕೂತಿರಬಹುದು. ತುಳಸಿ ಸಾಯಲಿಲ್ಲ, ಅಷ್ಟು ಪುಣ್ಯ. ಕಾತ್ಯಾಯನಿ ಪ್ರಾಣ ಕೊಟ್ಟಳು, ತುಳಸಿ ಕೂಲಿ ಮಾಡಿ ತೀರಿಸುತ್ತಿದ್ದಾಳೆ.

ಆ ಬಸಿರಿನ ವಿಷಯ ಹೇಳಿ ಮುಗಿಸುತ್ತೇನೆ. ಜನ ನಕ್ಕಿದ್ದು ತುಳಸಿಗೆ ಮಗು ಆಗುತ್ತೆ ಅನ್ನೋದಕ್ಕಲ್ಲ, ಮಗು ಆಗಬೇಕಾದರೆ ಮುಂಚೆ ಏನಾಗಿರಬೇಕು ಅನ್ನೋದು ನೆನಪಾಗಿದ್ದಕ್ಕೆ. ಅಲ್ಲಿಯವರೆಗೆ ಈ ಮದುವೆ ಅಂದರೆ ಒಂದೇ ಸೂರಿನಡಿ ಇಬ್ಬರು ಸಜ್ಜನರು, ಬೆಳಿಗ್ಗೆ ಎದ್ದು ದೇವರಿಗೆ ದೀಪ ಹಚ್ಚೋರು, ಅಷ್ಟೇ. ಬರೆದವರಿಗೂ ಅದೇ ಮುಜುಗರ ಇತ್ತು ಅಂತ ನನ್ನ ಅನುಮಾನ. ಇಬ್ಬರ ನಡುವಿನ ಸಲಿಗೆಯನ್ನು ನಿಧಾನಕ್ಕೆ ಬೆಳೆಸಿ ತೋರಿಸಿದ್ದರೆ, ಒಂದು ಜಗಳ, ಒಂದು ಕೈ ಹಿಡಿಯೋದು, ಬೆನ್ನು ನೋವಿಗೆ ಎಣ್ಣೆ ತಿಕ್ಕೋದು, ಆಗ ಬಸಿರು ಬಂದರೂ ಯಾರಿಗೂ ದಿಗಿಲಾಗುತ್ತಿರಲಿಲ್ಲ. ಸುಧಾರಾಣಿ, ಅಜಿತ್ ಹಂದೆ ಇಬ್ಬರಿಗೂ ಅದು ಕಷ್ಟವೇನಲ್ಲ. ಸಿಕ್ಕ ಚೂರುಪಾರು ದೃಶ್ಯಗಳಲ್ಲಿ ಅವರು ನೋಡೋ ನೋಟದಲ್ಲೇ ಅರ್ಧ ಕತೆ ಹೇಳುತ್ತಾರೆ. ಆ ಜಾಗವನ್ನು ಬಿಟ್ಟು, ಗರ್ಭಿಣಿ ಹೆಂಗಸನ್ನು ಮತ್ತೆ ತಾಯ್ತನಕ್ಕೇ ವಾಪಸ್ ಕಳಿಸಿದರು. ಮಗನಿಗೆ ತಾಯಿ, ಗಂಡನ ಮಕ್ಕಳಿಗೆ ತಾಯಿ, ಈಗ ಹೊಸ ಕೂಸಿಗೂ ತಾಯಿ. ಹೆಂಡತಿ ಆಗೋದು ಯಾವಾಗ?

ನನಗೆ ಬೇಕಿರೋ ಎಪಿಸೋಡು ಯಾವುದು ಅಂತ ಅವ್ವನಿಗೆ ಹೇಳಿದೆ. ತುಳಸಿ, ಮಾಧವ ಇಬ್ಬರೂ ಮದುವೆಗೆ ಮುಂಚೆ ಒಂದು ಹಾಳೆ ಇಟ್ಟುಕೊಂಡು ಕೂರಬೇಕು. ಯಾರ ಆಸ್ತಿ ಯಾರಿಗೆ, ಅವಳ ಹೆಸರಲ್ಲಿ ಬ್ಯಾಂಕಿನಲ್ಲಿ ಏನಿದೆ, ವಾರಕ್ಕೆ ಎಷ್ಟು ದಿನ ಹಳೇ ಮನೆಗೆ ಹೋಗಿ ಬರುತ್ತಾಳೆ, ಎಲ್ಲ ಬಿಡಿಸಿ ಮಾತಾಡಬೇಕು. ಇಪ್ಪತ್ತೆರಡು ನಿಮಿಷ ಅದೇ.

‘ಅದನ್ನ ಯಾರ್ ನೋಡ್ತಾರೋ?’ ಅಂದಳು ಅವ್ವ.

‘ಮತ್ತ ನಿನಗೇನ್ ಬೇಕು?’

‘ಅಷ್ಟ್ ದೊಡ್ಡ ಮನಿ ಐತಿ, ಅಷ್ಟ್ ಮಂದಿ ಅದಾರ. ಅಡಿಗಿ ಮಾಡಾಕ ಈಕೀನ ಬೇಕೇನು? ಅದೊಂದ್ ಕೇಳು ಅವರ್ನ.’